ಹಳೇ ಎಂಜಿಬಿ ಕೊಳ್ಳುವ ಮುಂಚೆ ಬಾಗಿಲ ಕೆಳಗೆ ನೋಡಿ

ಕಳೆದ ವರ್ಷ 7,800 ಪೌಂಡ್ ಕೊಟ್ಟು ಒಂದು ಎಂಜಿಬಿ ರೋಡ್‌ಸ್ಟರ್ ತಂದೆ. 1972ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಮೇಲ್ಛಾವಣಿ ಇಲ್ಲದ್ದು. ಕಡುಹಸಿರು ಬಣ್ಣ, ಕ್ರೋಮ್ ಬಂಪರ್, ತಂತಿ ಕಡ್ಡಿಯ ಚಕ್ರ. ಇಂಗ್ಲೆಂಡಿಗೆ ಬಂದ ಮೊದಲ ಬೇಸಿಗೆಯಿಂದಲೂ ಇದ್ದ ಆಸೆ ಅದು. ಈಗ ಆ ಕಾರು ಗ್ಯಾರೇಜಿನಲ್ಲಿ ನಾಲ್ಕು ಸ್ಟ್ಯಾಂಡ್ ಮೇಲೆ ಕೂತಿದೆ, ಎಡಗಡೆ ಹೊಟ್ಟೆ ಸೀಳಿಸಿಕೊಂಡು.

ನನ್ನನ್ನು ಕೆಡಿಸಿದ್ದು ಎಂಜಿನ್. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. 1798 ಸಿಸಿ, ಜೋಡಿ ಎಸ್‌ಯು ಕಾರ್ಬ್ಯುರೇಟರ್, ಆ ಗುಡುಗುಡು ಸದ್ದು. ಎಲ್ಲರೂ ಹೆದರಿಸುವ ಲ್ಯೂಕಾಸ್ ಕಂಪನಿಯ ವೈರಿಂಗ್ ಕೂಡ ಸರಿಯಾಗಿತ್ತು. ಅಷ್ಟಕ್ಕೇ ನಾನು ಕರಗಿಹೋದೆ.

ಎಂಜಿಬಿಗೆ ಬೇರೆ ಚಾಸಿ, ಅಂದರೆ ಕೆಳಗೆ ಭಾರ ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಎಲ್ಲ ಭಾರ ಹೊರಬೇಕು. ರೋಡ್‌ಸ್ಟರ್‌ಗೆ ಮೇಲ್ಛಾವಣಿಯೂ ಇಲ್ಲವಲ್ಲ, ಹಾಗಾಗಿ ಬಾಗಿಲ ಕೆಳಗೆ ಹಾದುಹೋಗುವ ಸಿಲ್‌ಗಳೇ ಅದರ ಬೆನ್ನೆಲುಬು. ಹೊರಗೊಂದು ತಗಡು, ಒಳಗೊಂದು, ನಡುವೆ ಇನ್ನೊಂದು, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನುವ ತಗಡಿನ ಪಟ್ಟಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ಕೆಸರು ಮುಂದಿನ ವಿಂಗ್‌ನ (ಮಡ್‌ಗಾರ್ಡ್) ಹಿಂದೆ ಸೇರಿಕೊಂಡು ಸಿಲ್ ಅನ್ನು ಒಳಗಿನಿಂದ ತಿನ್ನುತ್ತದೆ.

“ಸಿಲ್ ಎರಡೂ ಹೊಸದು” ಅಂದಿದ್ದರು ಮಾರಿದವರು. ಸುಳ್ಳೂ ಅಲ್ಲ ನೋಡಿ! ಹಳೆಯ ತುಕ್ಕು ಹಾಗೇ ಬಿಟ್ಟು, ಅದರ ಮೇಲೆ ಹೊಸ ತಗಡು ಹೊದಿಸಿ ವೆಲ್ಡ್ ಮಾಡಿದ್ದರು. ಸಂದಿಗೆಲ್ಲ ಪುಟ್ಟಿ, ತಳಕ್ಕೆಲ್ಲ ದಪ್ಪಗೆ ಅಂಡರ್‌ಸೀಲ್ ಅನ್ನುವ ಕರಿ ಲೇಪ. ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ಹಾಕಬೇಕಿತ್ತು. “ಹಳೇ ಕಾರಲ್ವಾ” ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಜಾಕ್ ಹಾಕಿ ನೋಡಲಾ ಅಂದರೆ “ಪೇಂಟ್ ಹಾಳಾಗುತ್ತೆ” ಅಂದರು. ಅಲ್ಲಿಗೇ ವಾಪಸ್ ಬರಬೇಕಿತ್ತು ನಾನು.

ಜುಲೈನಲ್ಲಿ ಚಕ್ರ ಬಿಚ್ಚಲು ಮನೆಯಲ್ಲೇ ಜಾಕ್ ಹಾಕಿದೆ. ಹಪ್ಪಳ ಮುರಿದಂಥ ಸದ್ದು. ಜಾಕ್ ಮೇಲೆ ಹೋಯಿತು, ಕಾರು ಹೋಗಲಿಲ್ಲ. ಫ್ರಿಜ್ ಮೇಲಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ ತಂದು ಬಾಗಿಲ ಹಿಂದಿನ ಮೂಲೆಗೆ ಹಿಡಿದರೆ ಅಂಟಲೇ ಇಲ್ಲ. ಅಲ್ಲಿ ಕಬ್ಬಿಣವೇ ಇರಲಿಲ್ಲ, ಬರೀ ಪುಟ್ಟಿ.

ಇನ್ನೊಂದು ವಿಷಯ, ಇದೇ ಮುಖ್ಯ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, 40 ವರ್ಷ ದಾಟಿದ ಕಾರು ಹೆಚ್ಚು ಬದಲಾಗಿಲ್ಲದಿದ್ದರೆ ಎಂಒಟಿ, ಅಂದರೆ ವರ್ಷಕ್ಕೊಮ್ಮೆ ಮಾಡುವ ಸುರಕ್ಷತಾ ಪರೀಕ್ಷೆ, ಕಡ್ಡಾಯವಲ್ಲ. ನಮಗೆ ಅದು ಉಳಿತಾಯ ಅನ್ನಿಸುತ್ತದೆ. ಆದರೆ ಇಷ್ಟು ವರ್ಷ ಆ ಕಾರಿನ ತಳ ಯಾರೂ ನೋಡಿಲ್ಲ ಅಂತಲೂ ಆಯಿತಲ್ಲ! ಹಳೆಯ ಪರೀಕ್ಷೆಗಳ ದಾಖಲೆ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕಾರಿನ ನಂಬರ್ ಹಾಕಿದರೆ ಸಾಕು. ನಾನು ನೋಡಿದ್ದು ದುಡ್ಡು ಕೊಟ್ಟ ಮೇಲೆ. 2017ರಲ್ಲೇ ಸೀಟ್‌ಬೆಲ್ಟ್ ಬಾಡಿಗೆ ಬಿಗಿಯುವ ಜಾಗದ ಹತ್ತಿರ ತುಕ್ಕು ಅಂತ ಬರೆದಿತ್ತು. ಕಡ್ಡಾಯವಲ್ಲದಿದ್ದರೂ ಎಂಒಟಿ ಮಾಡಿಸಬಹುದು, ಹೆಚ್ಚೆಂದರೆ 54.85 ಪೌಂಡ್. ಕೊಳ್ಳುವ ಮುಂಚೆ ನಿಮ್ಮ ದುಡ್ಡಲ್ಲೇ ಮಾಡಿಸಿ. ಮಾರುವವರು ಒಪ್ಪದಿದ್ದರೆ ಸುಮ್ನೆ ಎದ್ದು ಬನ್ನಿ.

ಬಿಡಿಭಾಗಕ್ಕೇನೂ ಕೊರತೆಯಿಲ್ಲ, ಪೂರ್ತಿ ಬಾಡಿಯೇ ಹೊಸದಾಗಿ ಸಿಗುತ್ತದೆ. ಟಿಂಕರಿಂಗ್ ಕೂಲಿಯೇ ಜಾಸ್ತಿ. ಸಿಲ್ ಕತ್ತರಿಸುವ ಮುಂಚೆ ಬಾಗಿಲ ಜಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಕೊಡಬೇಕು, ಇಲ್ಲದಿದ್ದರೆ ಕಾರು ನಡುವೆ ಜೋತುಬೀಳುತ್ತದೆ. ಟಿಂಕರಿಂಗ್‌ನವರು ಎರಡೂ ಕಡೆಗೆ 6,500 ಪೌಂಡ್ ಹೇಳಿದ್ದಾರೆ. ಮಾರಿದವರು ಫೋನ್ ಎತ್ತುವುದಿಲ್ಲ.

ಬರುವ ಶನಿವಾರ ದಾವಣಗೆರೆಯ ಗೆಳೆಯನೊಬ್ಬ ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಇನ್ನೊಂದು ಹಳೇ ಬ್ರಿಟಿಷ್ ಕಾರು ನೋಡಲು ಹೊರಟಿದ್ದಾನೆ. ಅದಕ್ಕೆ ಬೇರೆ ಚಾಸಿ ಇದೆ ಅಂತ ಅವನ ಧೈರ್ಯ. ಸಿಲ್ ಗಟ್ಟಿ ಇಲ್ಲದಿದ್ದರೆ ಅದೂ ನಿಲ್ಲಲ್ಲ ಮಾರಾಯ ಅಂದೆ. ಜೊತೆಗೆ ನಾನೂ ಹೋಗುತ್ತಿದ್ದೇನೆ, ಮೈಸೂರು ಅರಮನೆ ಜೇಬಿನಲ್ಲಿಟ್ಟುಕೊಂಡು.