ಒಂದೇ ಫೋನು, ನಾಲ್ಕು ಮಂದಿ: ಮಳೆಗಾಲ ಪೂರ್ತಿ ನೋಡಿದ ಮೂರು ಬಗೆಯ ಶಿಫಾರಸು

ನಮ್ಮ ಮನೆ ಶಿರಸಿಯಿಂದ ಹುಲೇಕಲ್ಲಿಗೆ ಹೋಗುವ ದಾರಿಯಲ್ಲಿದೆ. ಮನೆಯಲ್ಲಿ ನಾಲ್ಕು ಮಂದಿ: ಆಯಿ, ನಾನು, ಹೆಂಡತಿ, ಏಳು ವರ್ಷದ ಕೂಸು. ಫೋನು ಮೂರಿದ್ದರೂ ಹಾಡು ಹಾಕುವುದು ನನ್ನ ಫೋನಿನಲ್ಲೇ. ಅಡುಗೆಮನೆ ಕಪಾಟಿನ ಮೇಲಿನ ಸ್ಪೀಕರಿಗೆ ಜೋಡಿಸಿದ್ದು ಅದೊಂದೇ. ಬೆಳಿಗ್ಗೆ ಆಯಿಗೆ ಭಜನೆ, ಮಧ್ಯಾಹ್ನ ಹೆಂಡತಿಗೆ ಹಳೆ ಸಿನಿಮಾ ಹಾಡು, ಸಂಜೆ ಕೂಸಿಗೆ ಕಾರ್ಟೂನ್ ಹಾಡು, ರಾತ್ರಿ ನನಗೆ ಹಿಂದೂಸ್ತಾನಿ ಖಯಾಲ್ ಇಲ್ಲವೇ ಯಕ್ಷಗಾನದ ಪದ್ಯ. ಆ್ಯಪಿನ ಲೆಕ್ಕದಲ್ಲಿ ಇದೆಲ್ಲ ಒಬ್ಬನೇ ಮನುಷ್ಯ. ಐದು ಗಂಟೆಗೆ ಎದ್ದು ವಿಠ್ಠಲನನ್ನು ನೆನೆದು, ಸಂಜೆ ಬಾತುಕೋಳಿ ಹಾಡಿಗೆ ಕುಣಿದು, ದರ್ಬಾರಿ ರಾಗ ಕೇಳುತ್ತಾ ಮಲಗುವ ಯಾವುದೋ ವಿಚಿತ್ರ ಪ್ರಾಣಿ.

ಅದು ಕೊಡುತ್ತಿದ್ದ ಶಿಫಾರಸೂ ಆ ಪ್ರಾಣಿಗೆ ತಕ್ಕ ಹಾಗೇ ಇತ್ತು. ಕಳೆದ ವರ್ಷ ಅಡಿಕೆಯ ಕೊಳೆರೋಗಕ್ಕೆ ಮೊದಲ ಸುತ್ತಿನ ಔಷಧಿ ಹೊಡೆಸಿ ಮುಗಿದ ಮೇಲೆ, ಹೇಗೂ ಇನ್ನು ಮೂರು ತಿಂಗಳು ಮಳೆ, ಇದನ್ನೊಂದು ನೋಡಿಯೇ ಬಿಡೋಣ ಅನ್ನಿಸಿತು. ಮೂರು ದಾರಿ ಹಿಡಿದೆ. ಒಂದು, 'ನಿಮ್ಮ ಹಾಗೆ ಕೇಳುವವರು ಇದನ್ನೂ ಕೇಳಿದ್ದಾರೆ' ಎನ್ನುವ ಬಗೆಯ ಆ್ಯಪು, ಗುಂಪಿನ ಆ್ಯಪು ಅನ್ನೋಣ. ಎರಡು, ಹಾಡಿನ ರಾಗ, ಓಟ, ಭಾವ ನೋಡಿ ಅಂಥದ್ದೇ ಇನ್ನೊಂದು ತರುವ ಆ್ಯಪು, ಇದು ಗುಣದ ಆ್ಯಪು. ಮೂರು, ಶಿರಸಿ ಪೇಟೆಯಲ್ಲಿ ನಾನು ಪುಸ್ತಕ ತರುವ ಅಂಗಡಿಯವರು. ಆ್ಯಪುಗಳ ಹೆಸರು ಹೇಳುವುದಿಲ್ಲ. ಬೈಯುವುದು ಸ್ವಲ್ಪ ಜಾಸ್ತಿ ಇದೆ.

ಮೊದಲ ಎರಡರ ವ್ಯತ್ಯಾಸ ಗೊತ್ತಾಗಬೇಕಾದರೆ ಮದುವೆಮನೆಗೆ ಹೋಗಿ ನೋಡಿ. ಪಂಕ್ತಿಯಲ್ಲಿ ಬಡಿಸುವ ಮಾಣಿಗೆ ಒಂದು ವಿಷಯ ಗೊತ್ತಿರುತ್ತದೆ: ಅಪ್ಪೆಹುಳಿಯನ್ನು ಎರಡನೇ ಸಲ ಹಾಕಿಸಿಕೊಂಡವರು ತಂಬುಳಿಯನ್ನೂ ಕೇಳುತ್ತಾರೆ. ಅಪ್ಪೆಹುಳಿ ರುಚಿ ಹೇಗಿದೆ ಅಂತ ಅವನು ನೋಡಿರಬೇಕೆಂದೇನಿಲ್ಲ, ಬಾಳೆಲೆ ನೋಡಿದರೆ ಸಾಕು. ಗುಂಪಿನ ಆ್ಯಪು ಆ ಮಾಣಿ. ಅಮೆಜಾನಿನ ಎಂಜಿನಿಯರುಗಳು 2003ರಲ್ಲಿ ಬರೆದು ಪ್ರಕಟಿಸಿದ್ದು ಹೆಚ್ಚುಕಡಿಮೆ ಇದೇ ಲೆಕ್ಕವನ್ನು. ಗಿರಾಕಿಯನ್ನು ಗಿರಾಕಿಯ ಜೊತೆ ಹೋಲಿಸುತ್ತಾ ಕೂರುವ ಬದಲು, ಯಾವ ಸಾಮಾನು ಯಾವ ಸಾಮಾನಿನ ಜೊತೆ ಹೋಗುತ್ತದೆ ಅಂತ ಮೊದಲೇ ಪಟ್ಟಿ ಮಾಡಿ ಇಟ್ಟುಕೊಳ್ಳುವುದು.

ಗುಣದ ಆ್ಯಪು ಅಡುಗೆ ಭಟ್ಟರ ಹಾಗೆ. ಹುಳಿ ಎಷ್ಟು, ಖಾರ ಎಷ್ಟು, ಬೆಲ್ಲ ಬಿದ್ದಿದೆಯೋ ಇಲ್ಲವೋ ಅಂತ ನಾಲಿಗೆಯಲ್ಲೇ ನೋಡಿ ಹೇಳುವವರು. ಹಾಡು ಕೇಳಿಸುವ ಅಮೆರಿಕದ ಕಂಪನಿ ಪಂಡೋರಾ 2000ದಲ್ಲಿ ಶುರು ಮಾಡಿದ ಕೆಲಸ ಇದು. ಸಂಗೀತ ಕಲಿತವರನ್ನು ಕೂರಿಸಿ, ಒಂದೊಂದು ಹಾಡನ್ನೂ ಕೇಳಿಸಿ, ಸುಮಾರು 450ರವರೆಗೆ ಗುಣಗಳನ್ನು ಗುರುತು ಹಾಕಿಸಿದರು. ಅದು ನಮ್ಮ ದೇಶದಲ್ಲಿ ಸಿಗುವುದಿಲ್ಲ. ನಾನು ಹಿಡಿದದ್ದು ಅದೇ ಜಾತಿಯ ಬೇರೊಂದು.

ಲೆಕ್ಕಕ್ಕೆ ಕೂಸಿನ ಹಳೆ ನೋಟ್‌ಬುಕ್ ತೆಗೆದುಕೊಂಡೆ. ಪ್ರತಿ ಶಿಫಾರಸಿನ ಎದುರು ಮೂರರಲ್ಲಿ ಒಂದು ಗುರುತು: ಪೂರ್ತಿ ಕೇಳಿದೆ, ಅರ್ಧಕ್ಕೆ ಬಿಟ್ಟೆ, ಶುರುವಿನಲ್ಲೇ ತೆಗೆದೆ.

ಹಾಡಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಜಗಳವೆಲ್ಲ ಅಲ್ಲೇ. ಗುಂಪಿನ ಆ್ಯಪು ಮೊದಲ ವಾರ ಬಹಳ ಚೆನ್ನಾಗಿತ್ತು. ನಾನು ಕೇಳಿದ ಖಯಾಲಿನ ಬೆನ್ನಿಗೆ ಒಳ್ಳೊಳ್ಳೆಯ ಹೆಸರುಗಳು ಬಂದವು. ಎರಡನೇ ವಾರ ಅದೇ ಹೆಸರುಗಳು. ಮೂರನೇ ವಾರವೂ ಅವೇ. ಹೆಚ್ಚು ಜನ ಕೇಳಿದ್ದನ್ನು ಹೆಚ್ಚು ತೋರಿಸುತ್ತದೆ, ಹೆಚ್ಚು ತೋರಿಸಿದ್ದನ್ನು ಹೆಚ್ಚು ಜನ ಕೇಳುತ್ತಾರೆ. ಗಾಣದ ಎತ್ತು. ನಮ್ಮ ಜಿಲ್ಲೆಯವರೇ ಆದ ಪಂಡಿತ್ ಗಣಪತಿ ಭಟ್ ಹಾಸಣಗಿಯವರ ಒಂದು ರಾಗವನ್ನೂ ಮೂರು ತಿಂಗಳಲ್ಲಿ ಅದು ತಾನಾಗಿ ತಂದುಕೊಡಲಿಲ್ಲ. ನಾನೇ ಹುಡುಕಿ ಹಾಕಿದೆ. ಹಾಕಿದ ಮೇಲೂ ಮತ್ತೆ ಆ ಐದು ದೊಡ್ಡ ಹೆಸರುಗಳಿಗೇ ಮರಳಿತು.

ಗುಣದ ಆ್ಯಪು ಇಲ್ಲಿ ಗೆದ್ದಿತು. ಅದಕ್ಕೆ ಹೆಸರಿನ ಹಂಗಿಲ್ಲ. ವಿಲಂಬಿತ ಅಂದರೆ ನಿಧಾನದ ಲಯ, ಗಂಡು ಧ್ವನಿ, ಜೊತೆಗೆ ಹಾರ್ಮೋನಿಯಂ ಅಂತ ಹಿಡಿದುಕೊಂಡು, ನಾನು ಕೇಳದೇ ಇದ್ದ ಇಬ್ಬರನ್ನು ಹುಡುಕಿಕೊಟ್ಟಿತು. ಅದರಲ್ಲಿ ಒಬ್ಬರನ್ನು ಈಗ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಹತ್ತರಲ್ಲಿ ಐದು ಪೂರ್ತಿ ಕೇಳಿದ್ದು ಅಂತ ನೋಟ್‌ಬುಕ್ ಹೇಳುತ್ತದೆ. ಗುಂಪಿನದ್ದು ಮೂರಕ್ಕಿಂತ ಮೇಲೆ ಹತ್ತಲಿಲ್ಲ.

ಆದರೆ ಅದರ ದಡ್ಡತನವೂ ಅಷ್ಟೇ ಜೋರು. ಜುಲೈಯಲ್ಲಿ ಒಂದು ರಾತ್ರಿ ಮಳೆಗಾಲದ ರಾಗ ಮಿಯಾಂ ಮಲ್ಹಾರ್ ಕೇಳಿದೆ. ಮುಗಿದ ಕೂಡಲೇ ಅದು 'ಮಳೆ' ಅನ್ನುವ ಗುರುತು ಹಿಡಿದುಕೊಂಡು ಮುಂದಿನದನ್ನು ಹಾಕಿತು. ಏನು ಅಂದುಕೊಂಡಿರಿ? ಮಳೆ ಸುರಿಯುವ ಸದ್ದು, ಎಂಟು ತಾಸಿನದ್ದು. ಹೊರಗೆ ನಾಲ್ಕು ದಿನದಿಂದ ಬಿಡದೆ ಹೊಯ್ಯುತ್ತಿದೆ, ಹೆಂಚಿನ ಮೇಲೆ ಧೋ ಅನ್ನುತ್ತಿದೆ, ಒಳಗೆ ಸ್ಪೀಕರಿನಲ್ಲೂ ಅದೇ. ಆಯಿ ಮಲಗಿದಲ್ಲಿಂದ ಕೂಗಿದಳು, 'ತಮಾ, ಎಲ್ಲೋ ಸೋರ್ತಾ ಇದ್ದು ನೋಡು.'

ಯಕ್ಷಗಾನದಲ್ಲಿ ಎರಡೂ ಸೋತವು. ಇಲ್ಲಿ ತಪ್ಪು ಲೆಕ್ಕದ್ದಲ್ಲ, ಹೆಸರುಪಟ್ಟಿಯದ್ದು. 1990ರಲ್ಲೇ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಪದ್ಯವನ್ನು ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಿಂದ ಏರಿಸಿರುತ್ತಾರೆ. ಹಾಡಿದವರ ಹೆಸರು ಇರಬೇಕಾದ ಜಾಗದಲ್ಲಿ ಏರಿಸಿದವರ ಹೆಸರು. ಆ್ಯಪು 'ಇದೇ ಕಲಾವಿದರ ಇನ್ನಷ್ಟು' ಅಂತ ತಂದುಕೊಟ್ಟದ್ದು ಆ ಪುಣ್ಯಾತ್ಮರ ಮನೆಯ ಗೃಹಪ್ರವೇಶ. ಪ್ರಸಂಗದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಜನ ಹತ್ತು ಥರ ಬರೆದಿರುತ್ತಾರೆ. ಆ್ಯಪಿಗೆ ಅದು ಹತ್ತು ಬೇರೆ ಪ್ರಸಂಗ. ಬಡಗು (ಉತ್ತರದ್ದು), ತೆಂಕು (ದಕ್ಷಿಣದ್ದು) ಎರಡು ಶೈಲಿಗಳನ್ನೂ 'ಯಕ್ಷಗಾನ' ಅನ್ನುವ ಒಂದೇ ಚೀಲಕ್ಕೆ ತುಂಬಿದ್ದರಿಂದ, ಬಡಗಿನ ಭಾಗವತಿಕೆ ಕೇಳುತ್ತಾ ಅರೆನಿದ್ದೆಯಲ್ಲಿದ್ದವನನ್ನು ತೆಂಕಿನ ಚೆಂಡೆ ಬಡಿದೆಬ್ಬಿಸುತ್ತದೆ. ತೆಂಕಿನ ಮೇಲೆ ನನಗೆ ದ್ವೇಷವೇನೂ ಇಲ್ಲ ಮಾರಾಯ್ರೆ, ಆದರೆ ರಾತ್ರಿ ಹನ್ನೊಂದಕ್ಕೆ ಬೇಡ.

ಇನ್ನೊಂದು. ಯಕ್ಷಗಾನ ಆಟದ ರೆಕಾರ್ಡಿಂಗ್ ಆರು ತಾಸಿನದ್ದಿರುತ್ತದೆ. ನಾನು ಕೇಳುವುದು ನಡುವಿನ ನಲವತ್ತು ನಿಮಿಷ, ನನಗೆ ಬೇಕಾದ ಪದ್ಯಗಳಷ್ಟು. ಪೂರ್ತಿ ಕೇಳಲಿಲ್ಲವಲ್ಲ, ಇವನಿಗೆ ಹಿಡಿಸಿಲ್ಲ ಅಂದುಕೊಂಡಿತೋ ಏನೋ, ಎರಡು ವಾರದಲ್ಲಿ ಯಕ್ಷಗಾನ ಕೊಡುವುದನ್ನೇ ಬಿಟ್ಟಿತು. ಆಟಕ್ಕೆ ಹೋದ ಎಲ್ಲರೂ ಬೆಳಗಿನ ಮಂಗಳದವರೆಗೆ ಕೂತಿರುತ್ತಾರಾ? ಚಾ ಕುಡಿಯಲು ಎದ್ದವನಿಗೆ ಆಟ ಸೇರಲಿಲ್ಲ ಅನ್ನಲಾದೀತೇ?

ಸಿನಿಮಾದಲ್ಲಿ ಮಾತ್ರ ಗುಂಪಿನ ಆ್ಯಪಿಗೆ ಎರಡು ಮಾತಿಲ್ಲದೆ ಅಂಕ ಕೊಡುತ್ತೇನೆ. ಕಾರಣ ಸರಳ, ನೋಡುವವರು ಜಾಸ್ತಿ. ಪಂಕ್ತಿ ಉದ್ದ ಇದ್ದಷ್ಟೂ ಬಡಿಸುವ ಮಾಣಿಯ ಅಂದಾಜು ಸರಿ ಬರುತ್ತದೆ. ಒಂದು ಮಲಯಾಳಂ ಸಿನಿಮಾ ನೋಡಿದ್ದಕ್ಕೆ ನಾನು ಹೆಸರೇ ಕೇಳದ ನಾಲ್ಕು ಕೊಟ್ಟಿತು, ಮೂರು ಚೆನ್ನಾಗಿದ್ದವು. ಹತ್ತರಲ್ಲಿ ಆರು. ಗುಣದ ಲೆಕ್ಕ ಇಲ್ಲಿ ಬರೀ ಗುರುತಿನ ಚೀಟಿ ಓದುತ್ತದೆ. ಹಳ್ಳಿ, ಅಪ್ಪ ಮಗ, ನಿಧಾನ ಅಂತ ಹೊಂದಿಸಿ ಕೊಟ್ಟ ಎರಡು ಸಿನಿಮಾಕ್ಕೂ ಹೆಂಡತಿ ನಿದ್ದೆ ಹೋದಳು.

ಆದರೂ ಸಿನಿಮಾದ ಲೆಕ್ಕ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ನೆಟ್‌ಫ್ಲಿಕ್ಸ್ 2006ರಲ್ಲಿ ಒಂದು ಪಂದ್ಯ ಇಟ್ಟಿತ್ತು. ಯಾರು ಯಾವ ಸಿನಿಮಾಕ್ಕೆ ಎಷ್ಟು ಸ್ಟಾರ್ ಕೊಡುತ್ತಾರೆ ಅಂತ ಕಂಪನಿಯ ಲೆಕ್ಕಕ್ಕಿಂತ ಶೇಕಡಾ 10ರಷ್ಟು ಕಡಿಮೆ ತಪ್ಪಿನಲ್ಲಿ ಹೇಳಿದವರಿಗೆ 10 ಲಕ್ಷ ಡಾಲರ್. 2009ರಲ್ಲಿ ಒಂದು ತಂಡ ಗೆದ್ದಿತು. ಅದೇ ಅಂಕ ಪಡೆದ ಇನ್ನೊಂದು ತಂಡ ಉತ್ತರ ಕಳಿಸಿದ್ದು ಬರೀ 20 ನಿಮಿಷ ತಡವಾಗಿ. ಪಾಪ ಅನ್ನಿಸುವುದಿಲ್ಲವಾ? ಅದಕ್ಕಿಂತ ಪಾಪ ಅಂದರೆ, ಗೆದ್ದ ಆ ಇಡೀ ಲೆಕ್ಕವನ್ನು ಕಂಪನಿ ಬಳಸಲೇ ಇಲ್ಲ. ಅಷ್ಟು ಕಷ್ಟಪಟ್ಟು ಜೋಡಿಸುವಷ್ಟು ಲಾಭ ಕಾಣಲಿಲ್ಲ ಅಂತ ಆಮೇಲೆ ಅವರೇ ಬರೆದರು. 2017ರಲ್ಲಿ ಸ್ಟಾರನ್ನೇ ತೆಗೆದು ಇಷ್ಟ, ಇಷ್ಟವಿಲ್ಲ ಅನ್ನುವ ಹೆಬ್ಬೆರಳು ಗುರುತು ಇಟ್ಟರು.

ಯಾಕೆ ಅಂತ ನನ್ನ ನೋಟ್‌ಬುಕ್ ನೋಡಿದಾಗ ಅರ್ಥವಾಯಿತು. ಐದು ಸ್ಟಾರ್ ಕೊಟ್ಟ ಸಿನಿಮಾಗಳೆಲ್ಲ ಗಂಭೀರ. ಶನಿವಾರ ರಾತ್ರಿ ಪೂರ್ತಿ ನೋಡಿದ್ದೆಲ್ಲ ನಗೆಯವು, ಅವಕ್ಕೆ ನಾನು ಕೊಟ್ಟದ್ದು ಮೂರು. ಸ್ಟಾರು ಮರ್ಯಾದೆಗೆ, ನೋಡುವುದು ಆಯಾಸಕ್ಕೆ. ಸ್ಟಾರನ್ನು ಎಷ್ಟೇ ಸರಿಯಾಗಿ ಊಹಿಸಿದರೂ, ತೋಟದಿಂದ ಉಂಬಳ ಕಚ್ಚಿಸಿಕೊಂಡು ಬಂದವನಿಗೆ ಈ ರಾತ್ರಿ ಏನು ಬೇಕು ಅಂತ ಅದರಿಂದ ತಿಳಿಯುವುದಿಲ್ಲ.

ಪುಸ್ತಕಕ್ಕೆ ಬಂದರೆ ಎರಡೂ ಆ್ಯಪು ನೆಲ ಕಚ್ಚಿದವು. ಕನ್ನಡ ಪುಸ್ತಕಕ್ಕೆ ಅಂಕ ಕೊಟ್ಟವರು ನಾಲ್ಕು ಜನ ಇದ್ದರೆ ಹೆಚ್ಚು. ಗುಂಪಿನ ಲೆಕ್ಕಕ್ಕೆ ಗುಂಪೇ ಇಲ್ಲ. ಒಂದು ಕಾದಂಬರಿ ತರಿಸಿದ್ದಕ್ಕೆ ಅದು ನನಗೆ ತೋರಿಸಿದ್ದು ಎಫ್‌ಡಿಎ ಪರೀಕ್ಷೆಯ ಗೈಡು. ಯಾವನೋ ಒಬ್ಬ ಎರಡನ್ನೂ ಒಂದೇ ಪಾರ್ಸೆಲ್‌ನಲ್ಲಿ ತರಿಸಿರಬೇಕು. ಪಟ್ಟಿಯ ತುದಿಯಲ್ಲಿ ಐದಕ್ಕೆ ಐದು ಇದ್ದ ಪುಸ್ತಕಕ್ಕೆ ಅಂಕ ಕೊಟ್ಟವರು ಇಬ್ಬರು. (ಬರೆದವರ ಮನೆಯವರೇ ಇರಬಹುದು, ನಾನು ಹೇಳಿದೆ ಅನ್ನಬೇಡಿ.) ಇದಕ್ಕೆ ಮದ್ದು ಹೊಸದೇನಲ್ಲ. ನೋಡುಗರು ಸಿನಿಮಾಕ್ಕೆ ಅಂಕ ಕೊಡುವ ಜಾಲತಾಣ ಐಎಂಡಿಬಿಯ 250 ಸಿನಿಮಾಗಳ ಪಟ್ಟಿಯಲ್ಲಿ, ವೋಟು ಕಡಿಮೆ ಇದ್ದ ಸಿನಿಮಾದ ಅಂಕವನ್ನು ಒಟ್ಟು ಸರಾಸರಿಯ ಕಡೆಗೆ ಎಳೆದು ಇಡುವ ಕ್ರಮ ಬಹಳ ಹಿಂದಿನದು. ಇಬ್ಬರ ಐದಕ್ಕಿಂತ ಇನ್ನೂರು ಜನರ ನಾಲ್ಕೂವರೆ ಮೇಲೆ ಬರುತ್ತದೆ. ಕನ್ನಡದ ಪಟ್ಟಿಗಳಿಗೆ ಇದು ಎಲ್ಲಕ್ಕಿಂತ ಮೊದಲು ಬೇಕು.

ಗುಣದ ಆ್ಯಪು ಮಾಡಿದ್ದು ಬೇರೆ ತಮಾಷೆ. ಅದು ಕಂಡುಕೊಂಡ ಗುಣ ಒಂದೇ: ಕನ್ನಡ. ನಿಮಗೆ ಕನ್ನಡ ಇಷ್ಟವಾಯಿತು, ತಗೊಳ್ಳಿ ಇನ್ನೊಂದು ಕನ್ನಡ. ಅನ್ನ ಉಂಡವನಿಗೆ 'ನಿಮಗೆ ಬಾಳೆಲೆ ಹಿಡಿಸಿತು' ಅಂದ ಹಾಗೆ.

ಅಂಗಡಿಯವರ ಹತ್ತಿರ ಮೂರು ತಿಂಗಳಲ್ಲಿ ಏಳು ಪುಸ್ತಕ ತಂದೆ. ಐದು ಓದಿ ಮುಗಿಸಿದೆ. ಅವರು ಎಂದೂ 'ಹೇಗಿತ್ತು' ಅಂತ ಕೇಳಲಿಲ್ಲ. ಪ್ರತಿ ಸಲ ಕೇಳಿದ್ದು ಒಂದೇ, 'ಎಲ್ಲಿವರೆಗೆ ಬಂತು?' ಒಂದನ್ನು ನೂರನೇ ಪುಟಕ್ಕೆ ಬಿಟ್ಟೆ ಅಂದೆ. 'ಬೇಜಾರು ಬಂತೋ, ಪುರುಸೊತ್ತು ಇಲ್ಲದೆ ಬಿಟ್ಟಿದ್ದೋ?' ಅಂದರು. ಬೇಜಾರಲ್ಲ, ಅದರಲ್ಲಿ ಸಾವು ನೋವು ಜಾಸ್ತಿ, ಈ ಮಳೆಯಲ್ಲಿ ಬೇಡ ಅನ್ನಿಸಿತು ಅಂದೆ. 'ಹಾಗಾದ್ರೆ ದೀಪಾವಳಿ ಕಳೆದ ಮೇಲೆ ಓದಿ' ಅಂತ ಹೇಳಿ ಒಂದು ಪ್ರವಾಸದ ಪುಸ್ತಕ ಕೈಗಿಟ್ಟರು. ಎರಡೇ ದಿನದಲ್ಲಿ ಮುಗಿಯಿತು.

ಅವರಲ್ಲೂ ಐಬು ಇದೆ. ತಮ್ಮ ಕಪಾಟಿನಲ್ಲಿ ಇರುವುದನ್ನು ಮಾತ್ರ ಹೇಳುತ್ತಾರೆ. ಹೊಸಬರನ್ನು ಓದುವುದಿಲ್ಲ. ಪೇಟೆಗೆ ಹೋಗಬೇಕು, ಬಸ್ಸು ಕಾಯಬೇಕು. ಹಾಡಿನ ವಿಷಯ ಕೇಳಿದರೆ ಅವರಿಗೆ ಬೇಕಾದ್ದು ಒಬ್ಬರೇ ಗಾಯಕರು, ಅದನ್ನು ಜಗತ್ತಿಗೇ ಹೇರುತ್ತಾರೆ. ಅಂಥ ಹಟ ಆ್ಯಪಿಗಿಲ್ಲ.

ಆದರೆ ಅವರ ಆ ಒಂದು ಪ್ರಶ್ನೆ ಎರಡೂ ಆ್ಯಪಿನಲ್ಲಿ ಇಲ್ಲ. ಇಷ್ಟವೋ ಇಲ್ಲವೋ ಅಂತ ಹೆಬ್ಬೆರಳು ಇದೆ. ಯಾಕೆ ಬಿಟ್ಟೆ ಅಂತ ಕೇಳುವವರು ಇಲ್ಲ. ನನಗೆ ಬೇಕಾದದ್ದು ಮೂರೇ ಗುಂಡಿ: 'ಈಗ ಬೇಡ', 'ಎಂದೂ ಬೇಡ', 'ಇದು ಮನೆಯಲ್ಲಿ ಬೇರೆಯವರದ್ದು'. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ದೂರವೇ ದೀಪಾವಳಿವರೆಗಿನ ದೂರ. ಮಿನೆಸೋಟ ವಿಶ್ವವಿದ್ಯಾಲಯದವರು 1997ರಿಂದ ನಡೆಸುತ್ತಿರುವ ಸಿನಿಮಾ ಶಿಫಾರಸಿನ ತಾಣ ಮೂವಿಲೆನ್ಸ್‌ನಲ್ಲಿ ಯಾವ ಬಗೆಯ ಲೆಕ್ಕ ಬೇಕು ಅಂತ ನೋಡುವವರೇ ಆರಿಸಿಕೊಳ್ಳುವ ಅನುಕೂಲ ಕೊಟ್ಟಿದ್ದಾರೆ. ಓದುಗರ ಆ್ಯಪು ಸ್ಟೋರಿಗ್ರಾಫ್‌ನಲ್ಲಿ ಪುಸ್ತಕದ ಭಾವ, ಓಟ ಎರಡನ್ನೂ ಓದಿದವರನ್ನೇ ಕೇಳುತ್ತಾರೆ. ಅಂದರೆ ಆಗದ ಕೆಲಸವೇನಲ್ಲ.

ಮೂರನೇ ಗುಂಡಿ ಇಲ್ಲದ್ದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಜೂನ್ ಕೊನೆಯಲ್ಲಿ ಆಯಿಗೊಂದು, ಹೆಂಡತಿಗೊಂದು, ಕೂಸಿಗೊಂದು ಪ್ರೊಫೈಲ್ ತೆಗೆದೆ. ನನ್ನ ಹಳೆ ಹಿಸ್ಟರಿಯಲ್ಲಿದ್ದ ಬಾತುಕೋಳಿಗಳನ್ನೆಲ್ಲ ಅಳಿಸಿದೆ, ಅದಕ್ಕೇ ಒಂದು ಸಂಜೆ ಬೇಕಾಯಿತು. ಒಂದರ ಹಿಂದೊಂದು ತಾನೇ ಹಾಕಿಕೊಂಡು ಹೋಗುವುದನ್ನು ನಿಲ್ಲಿಸಿದೆ. ಎರಡು ವಾರದಲ್ಲಿ ಗುಂಪಿನ ಆ್ಯಪು ಕೂಡ ಮನುಷ್ಯನ ಹಾಗೆ ಆಡತೊಡಗಿತು. ಕುಮಟೆಯ ಅಕ್ಕನ ಮನೆಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ಅದು ಕೊಟ್ಟ ವಾರದ ಪಟ್ಟಿಯನ್ನು ಮೊದಲೇ ಇಳಿಸಿಕೊಂಡಿದ್ದೆ. ಘಟ್ಟ ಇಳಿಯುವವರೆಗೆ ಒಂದನ್ನೂ ದಾಟಿಸಬೇಕಾಗಲಿಲ್ಲ. ಜೂನಿನಲ್ಲಿ ಇದೇ ದಾರಿಯಲ್ಲಿ ಏಳು ದಾಟಿಸಿದ್ದೆ.

ಈಗ ಸಿನಿಮಾಕ್ಕೆ ಗುಂಪಿನ ಆ್ಯಪು ಇಟ್ಟುಕೊಂಡಿದ್ದೇನೆ. ಖಯಾಲಿಗೆ ಗುಣದ್ದು, ರಾಗದ ಹೆಸರಿನಲ್ಲಿ ಮಳೆ ಇಲ್ಲದಿದ್ದರೆ. ಪುಸ್ತಕಕ್ಕೆ ಬಸ್ಸು ಹತ್ತುತ್ತೇನೆ. ಯಕ್ಷಗಾನಕ್ಕೆ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುತ್ತೇನೆ, ಯಾವ ಪದ್ಯ ಎಷ್ಟನೇ ನಿಮಿಷಕ್ಕೆ ಅಂತ ಅಲ್ಲಿ ಹೇಳುವವರಿದ್ದಾರೆ.

ಮೊನ್ನೆಯಿಂದ ಆಯಿಯ ಪ್ರೊಫೈಲಿನಲ್ಲಿ ಭಜನೆಯ ನಡುವೆ ಬಾತುಕೋಳಿ ಬರುತ್ತಿದೆ. ಕೂಸು ಅದರ ಪಿನ್ ಕಂಡುಹಿಡಿದಿದೆ.