ಕಾರವಾರದ ಹಾಕಿ ಖಾನಾವಳಿ: ಊಟಕ್ಕೆ ಮೂರೂವರೆ ಸ್ಟಾರ್, ಜಗಳಕ್ಕೆ ಐದು

ಮೊದ್ಲೇ ಹೇಳ್ಬಿಡ್ತೇನೆ, ಬರೀ ಮೀನೂಟಕ್ಕೆ ಅಂತಾದ್ರೆ ಕಾರವಾರದಲ್ಲಿ ಇದಕ್ಕಿಂತ ಒಳ್ಳೆ ಜಾಗ ಇದೆ. ಆದ್ರೆ ಹಾಕಿ ಮ್ಯಾಚ್ ನೋಡ್ತಾ ಬಂಗಡೆ ತಿನ್ಬೇಕು, ಪಕ್ಕದ ಟೇಬಲ್ಲಿನ ಅಪರಿಚಿತನ ಜೊತೆ 1973ರ ಹಾಕಿ ವಿಶ್ವಕಪ್ ಫೈನಲ್ ಬಗ್ಗೆ ಜಗಳ ಆಡ್ಬೇಕು ಅಂದ್ರೆ ಇಡೀ ಉತ್ತರ ಕನ್ನಡದಲ್ಲಿ ನನಗೆ ಗೊತ್ತಿದ್ದ ಹಾಗೆ ಇದೊಂದೇ. ಕೋಡಿಬಾಗ ಕಡೆ ಹೋಗುವ ರಸ್ತೆಯಿಂದ ಒಳಗೆ ಒಂದು ಓಣಿ, ಬೋರ್ಡ್ ಮೇಲೆ ಯಾವ್ದೋ ದೇವರ ಹೆಸ್ರಿದೆ, ಆ ಹೆಸ್ರು ಹೇಳಿದ್ರೆ ರಿಕ್ಷಾದವರು ಮುಖ ಮುಖ ನೋಡ್ತಾರೆ, ಹಾಕಿ ಖಾನಾವಳಿ ಅಂದ್ರೆ ಸೀದಾ ಬಾಗ್ಲಿಗೇ ತಂದು ಬಿಡ್ತಾರೆ.

ಗಲ್ಲಾಪೆಟ್ಟಿಗೆ ಮೇಲೆ ಓನರ್ ಕೈಯಾರೆ ಬರೆದು ಅಂಟಿಸಿದ ಚೀಟಿ ಇದೆ: "ಇಸವಿ ಹೇಳಿ ವಾದ ಮಾಡಿ." ಅಷ್ಟೇ. ಅಂದ್ರೆ ಸುಮ್ನೆ "ಹಿಂದಿನವರೇ ಬೆಸ್ಟು" ಅಂದ್ರೆ ನಡೆಯಲ್ಲ, ಯಾವ ವರ್ಷ, ಯಾವ ಟೂರ್ನಿ, ಎದುರಾಳಿ ಯಾರು, ಸ್ಕೋರ್ ಎಷ್ಟು ಅಂತ ಹೇಳ್ಬೇಕು, ತಪ್ಪಿದ್ರೆ ಟೇಬಲ್ಲಿಗೆಲ್ಲ ಸೋಲ್ ಕಡಿ (ಊಟದ ಜೊತೆ ಕುಡಿಯೋ ಕೊಕಂ ಪಾನೀಯ) ಕೊಡಿಸ್ಬೇಕು. ಈ ಒಂದು ನಿಯಮದಿಂದಾಗಿ ಇಲ್ಲಿಯ ಮಾತು ಬೇರೆ ಹೋಟ್ಲುಗಳ ಕ್ರಿಕೆಟ್ ಹರಟೆಗಿಂತ ನೂರು ಪಾಲು ಮೇಲು, ಇದು ನನ್ನ ಅಭಿಪ್ರಾಯ.

ಊಟದ ವಿಷ್ಯ ಬೇಗ ಮುಗಿಸ್ತೇನೆ. ಈಗ ಟ್ರಾಲರ್ ಬಂದ್ ಇರೋ ಟೈಮು, ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಇಳಿಯೋ ಹಾಗಿಲ್ಲ, ಹಾಗಾಗಿ ಇಸ್ವಾಣ (ಅಂಜಲ್ ಮೀನು) ಕೇಳಿದ್ರೆ "ಇಲ್ಲ, ಐಸಿಂದು ಬೇಕಾದ್ರೆ ಬೇರೆ ಕಡೆ ಹೋಗಿ" ಅಂತ ಮುಖಕ್ಕೇ ಹೇಳ್ತಾರೆ, ನನಗೆ ಅದು ಇಷ್ಟ ಆಯ್ತು. ಬದ್ಲಿಗೆ ಕಾಳಿ ನದಿ ಕಡೆಯ ತಿಸ್ರೆ (ಚಿಪ್ಪುಮೀನು) ಸುಕ್ಕ, ತೆಂಗಿನಕಾಯಿ ಹಾಕಿ ಕಲಸಿದ ಒಣ ಸಿಗಡಿ ಕಿಸ್ಮೂರಿ, ಕುಚಲಕ್ಕಿ ಅನ್ನ, ಕೊಕಂ ಹಾಕಿದ ಸೋಲ್ ಕಡಿ. ಕಿಸ್ಮೂರಿಯಲ್ಲಿ ತೆಂಗಿನಕಾಯಿ ಹುರಿದದ್ದು ಹದವಾಗಿತ್ತು. ತಿಸ್ರೆಯಲ್ಲಿ ಒಂದೆರಡು ಕಡೆ ಮರಳು ಸಿಕ್ತು. ಸೀಸನ್ನಲ್ಲಿ ತಿರಫಲ ಮಸಾಲೆ ಹಾಕಿದ ಬಂಗಡೆ ಹುಮಣ (ಸಾರು) ಮಾಡ್ತಾರೆ, ಅದು ತಿಂದಿದ್ದೇನೆ, ಅದಕ್ಕಾದ್ರೂ ಹೋಗ್ಬಹುದು. ರವಾ ಫ್ರೈ ಮಾತ್ರ ಎಣ್ಣೆ ಜಾಸ್ತಿ.

ಇನ್ನು ಟಿವಿ. ದೊಡ್ಡದೇ ಇದೆ, ಇನ್ವರ್ಟರಿಗೆ ಹಾಕಿದ್ದಾರೆ, ಇಂಡಿಯಾ ಹಾಕಿ ಮ್ಯಾಚ್ ಇದ್ರೆ ಯಾವ ಐಪಿಎಲ್ ಫೈನಲ್ ಇದ್ರೂ ಚಾನೆಲ್ ಬದ್ಲಾಗಲ್ಲ. ತೊಂದ್ರೆ ಇರೋದು ಮಳೆದು. ಜೋರು ಮಳೆ ಹನಿ ಡಿಶ್ಶಿನ ಸಿಗ್ನಲ್ಲನ್ನ ಮಧ್ಯದಲ್ಲೇ ನುಂಗ್ತದೆ, ನಮ್ಮ ಕರಾವಳಿ ಮಳೆ ಗೊತ್ತಲ್ಲ, ಪೆನಾಲ್ಟಿ ಕಾರ್ನರ್ ಹೊಡೆಯೋಕೆ ನಿಂತಾಗಲೇ ಪರದೆ ಮೇಲೆ ಚೌಕ ಚೌಕ. ಆಗ ಎಲ್ರೂ ಮೊಬೈಲ್ ತೆಗಿತಾರೆ, ಆದ್ರೆ ಸ್ಟ್ರೀಮಿಂಗ್ ಡಿಶ್ಶಿಗಿಂತ ಹಿಂದೆ ಓಡ್ತದೆ, ಹಾಗಾಗಿ ಸಿಗ್ನಲ್ ವಾಪಸ್ ಬಂದ್ಮೇಲೆ ಟಿವಿ ನೋಡಿದವನು ಗೋಲ್ ಅಂತ ಕೂಗಿದಾಗ ಮೊಬೈಲ್ ಹಿಡಿದವನ ಮ್ಯಾಚಲ್ಲಿ ಇನ್ನೂ ಬಾಲ್ ಹೊರಗಡೆಯೇ ಇರ್ತದೆ, ಅವನ ಮುಖ ನೋಡ್ಬೇಕು ನೀವು. ಮಳೆಗಾಲದಲ್ಲಿ ಒಂದು ವೈರಿನ ಬ್ರಾಡ್‌ಬ್ಯಾಂಡ್ ಹಾಕಿಸಿ ಮಾರಾಯ್ರೆ ಅಂತ ಓನರಿಗೆ ಹೇಳಿ ಬಂದಿದ್ದೇನೆ.

ಇಲ್ಲಿ ಬರೋ ಜನವೇ ಈ ಜಾಗದ ಬಂಡವಾಳ. ಕಾರವಾರ ಸಣ್ಣ ಊರು ಆದ್ರೆ ಅರ್ಗಾದ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಇರೋದ್ರಿಂದ ಪಂಜಾಬಿನವರು, ಒಡಿಶಾದವರು ಎಲ್ಲ ಸಂಜೆ ಇಲ್ಲೇ ಸಿಗ್ತಾರೆ, ಅದೂ ಹಾಕಿ ಹುಚ್ಚಿರೋ ರಾಜ್ಯಗಳೇ. ಅವರ ಜೊತೆ ರಿಟೈರ್ಡ್ ಪಿ.ಟಿ. ಮಾಸ್ತರು ಒಬ್ರು, ಬ್ಯಾಂಕಿಗೆ ಟ್ರಾನ್ಸ್‌ಫರ್ ಆಗಿ ಬಂದ ಕೊಡವರೊಬ್ರು, ಸದಾಶಿವಗಡದಿಂದ ಬರೋ ಕೊಂಕಣಿ ಅಜ್ಜ ಒಬ್ರು. ಒಡಿಶಾದ ಹುಡ್ಗ ದಿಲೀಪ್ ಟಿರ್ಕಿಗಿಂತ ಮೇಲೆ ಡಿಫೆಂಡರೇ ಹುಟ್ಟಿಲ್ಲ ಅಂತಾನೆ. ಸರ್ದಾರ್ಜಿ 1952ರ ಹೆಲ್ಸಿಂಕಿ ಫೈನಲ್ ತೆಗಿತಾರೆ, ನೆದರ್ಲೆಂಡ್ಸ್ ಮೇಲೆ 6-1, ಅದ್ರಲ್ಲಿ 5 ಗೋಲ್ ಬಲ್ಬೀರ್ ಸಿಂಗ್ ಸೀನಿಯರ್ ಒಬ್ರದ್ದೇ, "ಇಸವಿ ಹೇಳಿದೆ, ಸ್ಕೋರ್ ಹೇಳಿದೆ, ಈಗ ಯಾರಾದ್ರೂ ಉತ್ತರ ಕೊಡಿ" ಅಂತ ಸುತ್ತ ನೋಡ್ತಾರೆ. ಕೊಂಕಣಿ ಅಜ್ಜ ಬಿಡ್ತಾರಾ, 1948ರ ಲಂಡನ್ ಗೋಲ್‌ಕೀಪರ್ ಲಿಯೋ ಪಿಂಟೊ, 1980ರ ಮಾಸ್ಕೊದ ಮರ್ವಿನ್ ಫರ್ನಾಂಡಿಸ್ ಇಬ್ರನ್ನೂ ಎಳ್ಕೊಂಡು ಬರ್ತಾರೆ.

ಆದ್ರೆ ಜಗಳ ನಿಜವಾಗಿ ಹತ್ಕೊಳ್ಳೋದು ಕೊಡವರು ಮತ್ತು ಮಾಸ್ತರ ನಡುವೆ, ವಿಷ್ಯ ಯಾವಾಗ್ಲೂ ಒಂದೇ, 1973ರ ವಿಶ್ವಕಪ್ ಫೈನಲ್. ಗೊತ್ತಿಲ್ದವರಿಗೆ ಹೇಳ್ತೇನೆ, ನೆದರ್ಲೆಂಡ್ಸಿನ ಆಮ್‌ಸ್ಟೆಲ್‌ವೇನ್‌ನಲ್ಲಿ ಅದೇ ದೇಶದವರ ಎದುರು ಮ್ಯಾಚು, ನಮ್ಮ ಕ್ಯಾಪ್ಟನ್ ಕೊಡಗಿನ ಎಂ.ಪಿ. ಗಣೇಶ್, ಇಂಡಿಯಾ ಶುರುವಿನಲ್ಲೇ 2-0 ಮುಂದಿತ್ತು, ಎರಡೂ ಸುರ್ಜಿತ್ ಸಿಂಗ್ ಗೋಲು. ಆಮೇಲೆ ಅವರು 2-2 ಮಾಡಿದ್ರು. ಎಕ್ಸ್‌ಟ್ರಾ ಟೈಮಲ್ಲಿ ಮೊದಲ ಗೋಲ್ ಹೊಡೆದವರೇ ಗೆದ್ದ ಹಾಗೆ, ಆಗ ನಮಗೆ ಪೆನಾಲ್ಟಿ ಸ್ಟ್ರೋಕ್ (ಎದುರಿಗೆ ಗೋಲ್‌ಕೀಪರ್ ಒಬ್ನೇ ಇರೋ ಹೊಡೆತ) ಸಿಕ್ತು, ತಗೊಂಡಿದ್ದು ಸೋಮವಾರಪೇಟೆಯ ಬಿ.ಪಿ. ಗೋವಿಂದ, ಗೋಲಾಗ್ಲಿಲ್ಲ. ಕೊನೆಗೆ ಸ್ಟ್ರೋಕುಗಳಲ್ಲಿ 4-2 ಸೋಲು. ಮಾಸ್ತರ ವಾದ ಏನಂದ್ರೆ ಆ ಒಂದು ಸ್ಟ್ರೋಕ್ ಒಳಗೆ ಹೋಗಿದ್ರೆ ಕಪ್ ಎತ್ತಿದ ಮೊದಲ ಇಂಡಿಯಾ ಕ್ಯಾಪ್ಟನ್ ಕರ್ನಾಟಕದವರಾಗ್ತಿದ್ರು, ನಮ್ಮ ರಾಜ್ಯದ ಹಾಕಿ ಕಥೆಯೇ ಬೇರೆ ಆಗ್ತಿತ್ತು. ಕೊಡವರಿಗೆ ಇದು ಕೇಳಿದ್ರೆ ಕಿವಿ ಕೆಂಪಾಗ್ತದೆ. "1975 ಯಾಕೆ ಹೇಳಲ್ಲ ನೀವು? ಕ್ವಾಲಾಲಂಪುರ, ಪಾಕಿಸ್ತಾನದ ಮೇಲೆ 2-1, ಆ ಟೀಮಲ್ಲಿ ಗೋವಿಂದ ಇದ್ರು ತಾನೇ?" ಅಂತ ಎದ್ದು ನಿಲ್ತಾರೆ. ಮಾಸ್ತರು "ಇದ್ರು, ಆದ್ರೆ ಕ್ಯಾಪ್ಟನ್ ಅಜಿತ್ ಪಾಲ್, ಗೆಲುವಿನ ಗೋಲ್ ಅಶೋಕ್ ಕುಮಾರ್" ಅಂತ ತಣ್ಣಗೆ ಅನ್ನ ಕಲಸ್ತಾರೆ.

ನನ್ನ ಮತ ಕೊಡವರ ಕಡೆ. ಎರಡು ವರ್ಷ ಆ ಭಾರ ಹೊತ್ಕೊಂಡು ಮತ್ತೆ ಅದೇ ವಿಶ್ವಕಪ್ಪಿಗೆ ಹೋಗಿ ಗೆದ್ದು ಬಂದವರನ್ನ ಒಂದು ಸ್ಟ್ರೋಕಿಗೆ ಕಟ್ಟಿಹಾಕೋದು ಅನ್ಯಾಯ. ಮತ್ತೆ ಆ ಕಾಲದ್ದು ಹುಲ್ಲಿನ ಮೈದಾನ, ಬಾಲ್ ಎಲ್ಲಿ ಪುಟಿತದೆ ಅಂತ ದೇವರಿಗೂ ಗೊತ್ತಿರ್ಲಿಲ್ಲ, ಕೈಚಳಕಕ್ಕೆ ಬೆಲೆ ಇತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಕೃತಕ ಟರ್ಫ್ ಬಂತು, ವಿಶ್ವ ಚಾಂಪಿಯನ್ ಆಗಿ ಹೋದ ನಾವು 7ನೇ ಸ್ಥಾನ. ಹಾಗಾಗಿ ಗೋವಿಂದರನ್ನ ಟರ್ಫ್ ಕಾಲದ ರಘುನಾಥ್ ಜೊತೆ, ಗಣೇಶರನ್ನ ಈಗಿನ ಹರ್ಮನ್‌ಪ್ರೀತ್ ಜೊತೆ ತೂಗೋದೇ ಗೊಂಬೆಯಾಟದವನನ್ನೂ ಯಕ್ಷಗಾನದವನನ್ನೂ ಒಂದೇ ರಂಗಕ್ಕೆ ಹತ್ತಿಸಿ ಮಾರ್ಕ್ಸ್ ಕೊಟ್ಟ ಹಾಗೆ. ಈ ಮಾತು ಅಲ್ಲಿ ಹೇಳಿದೆ, "ಇಸವಿ?" ಅಂತ ಮೂರು ಕಡೆಯಿಂದ ಕೂಗಿದ್ರು.

ಕರ್ನಾಟಕದವರ ಪಟ್ಟಿ ಬಂದ್ರೆ ಮಾತ್ರ ಎಲ್ರೂ ಒಂದಾಗ್ತಾರೆ. 1964ರ ಟೋಕಿಯೊ ಚಿನ್ನದ ಬೆಳಗಾವಿ ಬಂಡು ಪಾಟೀಲರು, 1980ರ ಮಾಸ್ಕೊ ಚಿನ್ನ ಗೆದ್ದು 1988ರಲ್ಲಿ ಸಿಯೋಲ್‌ಗೆ ಕ್ಯಾಪ್ಟನ್ ಆಗಿ ಹೋದ ಎಂ.ಎಂ. ಸೋಮಯ್ಯ, ಮತ್ತೆ 1998ರ ಬ್ಯಾಂಕಾಕ್. ಆ ಏಷ್ಯನ್ ಗೇಮ್ಸ್ ಫೈನಲ್ಲಲ್ಲಿ ಕೊರಿಯಾ ಎದುರು ಸ್ಟ್ರೋಕ್ ತಡೆದು ಚಿನ್ನ ತಂದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್, 1966ರ ನಂತರ ನಮಗೆ ಸಿಕ್ಕ ಮೊದಲ ಏಷ್ಯಾಡ್ ಚಿನ್ನ ಅದು. ಎಲ್ರೂ ಕ್ಯಾಪ್ಟನ್ ಧನರಾಜ್ ಪಿಳ್ಳೈ ಹೆಸ್ರು ಹೇಳ್ತಾರೆ, ತಪ್ಪಲ್ಲ, ನಾಲ್ಕು ಒಲಿಂಪಿಕ್ಸ್ ನಾಲ್ಕು ವಿಶ್ವಕಪ್ ಆಡಿದವರು, ಆದ್ರೆ ಆ ರಾತ್ರಿ ಬಲ್ಲಾಳ್ ಇಲ್ದಿದ್ರೆ ಚಿನ್ನ ಇಲ್ಲ. 2016ರ ರಿಯೋ ಒಲಿಂಪಿಕ್ಸ್ ಟೀಮಲ್ಲಿ ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ ಅಂತ ನಾಲ್ಕು ಜನ ನಮ್ಮವರಿದ್ರು. ಐದೇ ವರ್ಷಕ್ಕೆ ಟೋಕಿಯೊ ಕಂಚು ಬಂದಾಗ ಒಬ್ರೂ ಇಲ್ಲ, ಪ್ಯಾರಿಸಲ್ಲೂ ಇಲ್ಲ. ಈ ಲೆಕ್ಕ ಬಂದಾಗ ಕೊಡವರು ಸಿಟ್ಟಲ್ಲಿ ಇನ್ನೊಂದು ಪ್ಲೇಟ್ ಕಿಸ್ಮೂರಿ ಆರ್ಡರ್ ಮಾಡಿದ್ರು.

ಲೀಗ್ ವಿಷ್ಯದಲ್ಲೂ ನಾವು ಅನಾಥರೇ. ಪ್ರೀಮಿಯರ್ ಹಾಕಿ ಲೀಗ್ ಇದ್ದಾಗ ಬೆಂಗಳೂರು ಲಯನ್ಸ್ ಇತ್ತು, ಅರ್ಜುನ್ ಹಾಲಪ್ಪ, ಲೆನ್ ಅಯ್ಯಪ್ಪ ಎಲ್ಲ ಆಡ್ತಿದ್ರು, 2006ರಲ್ಲಿ ಕಪ್ಪೂ ಗೆದ್ರು. ಆಮೇಲೆ 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂತು, 2017ಕ್ಕೆ ನಿಂತ್ಹೋಯ್ತು, 2024ರ ಡಿಸೆಂಬರಲ್ಲಿ ರೂರ್ಕೆಲಾದಲ್ಲಿ ಮತ್ತೆ 8 ಟೀಮ್ ಜೊತೆ ಶುರುವಾಯ್ತು, ಕರ್ನಾಟಕದ ಹೆಸರಲ್ಲಿ ಟೀಮ್ ಆವಾಗ್ಲೂ ಇಲ್ಲ ಈವಾಗ್ಲೂ ಇಲ್ಲ. ಹಾಗಾಗಿ ಪ್ಲೇಆಫ್ ಟೈಮಲ್ಲಿ ಖಾನಾವಳಿಯಲ್ಲಿ ಟೇಬಲ್ಲಿಗೊಂದು ನಿಷ್ಠೆ. ಒಡಿಶಾದವರು ಕಳಿಂಗ ಲ್ಯಾನ್ಸರ್ಸ್, ಸರ್ದಾರ್ಜಿ ಸೂರ್ಮಾ, ಮಾಸ್ತರು "ಪಕ್ಕದ ರಾಜ್ಯ" ಅಂತ ಹೈದರಾಬಾದ್ ತೂಫಾನ್ಸ್, ಆ ತೂಫಾನ್ಸ್ ಮತ್ತೆ ಶುರುವಾದ ಲೀಗಿನ ಮೊದಲ ಸೀಸನ್ ಫೈನಲ್ಲಲ್ಲಿ ಬೆಂಗಾಲ್ ಟೈಗರ್ಸಿಗೆ 4-3 ಸೋತಾಗ ಅವರು ಎಷ್ಟು ಬೇಜಾರಾದ್ರು ಅಂದ್ರೆ ಸ್ವಂತ ಊರಿನ ಟೀಮ್ ಇದ್ದಿದ್ರೆ ಏನಾಗ್ತಿದ್ರೋ.

ಈಗ ಮಾತೆಲ್ಲ ಆಗಸ್ಟಿನ ವಿಶ್ವಕಪ್ ಮೇಲೆ. ಈ ಸಲ ನೆದರ್ಲೆಂಡ್ಸ್ ಬೆಲ್ಜಿಯಂ ಸೇರಿ ನಡೆಸ್ತಿದ್ದಾರೆ, ಅಂದ್ರೆ ಮತ್ತೆ ಅದೇ ಆಮ್‌ಸ್ಟೆಲ್‌ವೇನ್, ಕೊಡವರಿಗೂ ಮಾಸ್ತರಿಗೂ ಹಳೇ ಬಾಕಿ ಚುಕ್ತಾ ಆಗೋ ಜಾಗ. ಇಂಡಿಯಾ ಕಳೆದ ಸೆಪ್ಟೆಂಬರಲ್ಲಿ ರಾಜಗೀರ್ ಏಷ್ಯಾ ಕಪ್ ಫೈನಲ್ಲಲ್ಲಿ ಕೊರಿಯಾವನ್ನ 4-1 ಹೊಡೆದು ಟಿಕೆಟ್ ತಗೊಂಡಿದೆ. ಆದ್ರೆ ಟಿಕೆಟ್ ಬೇರೆ, ನಾಕೌಟ್ ಬೇರೆ. 1975ರ ಮೇಲೆ ನಾವು ವಿಶ್ವಕಪ್ ಸೆಮಿಫೈನಲ್ಲೇ ಕಂಡಿಲ್ಲ. 2018ರಲ್ಲಿ ಕ್ವಾರ್ಟರ್ ಫೈನಲ್, ನೆದರ್ಲೆಂಡ್ಸಿಗೆ 2-1. 2023ರಲ್ಲಿ ಭುವನೇಶ್ವರದ ಕ್ರಾಸ್‌ಓವರ್ (ಕ್ವಾರ್ಟರ್ ಫೈನಲ್ಲಿಗೆ ಮುಂಚಿನ ನಾಕೌಟ್), ನ್ಯೂಜಿಲೆಂಡ್ ಎದುರು 3-1 ಮುಂದಿದ್ದು 3-3 ಆಗಿ ಶೂಟೌಟಲ್ಲಿ ಮನೆಗೆ. ಆ ಮ್ಯಾಚ್ ಹೆಸ್ರು ತೆಗೆದ್ರೆ ಒಡಿಶಾ ಹುಡ್ಗ ಊಟ ಬಿಟ್ಟು ಕೈ ತೊಳಿತಾನೆ, ಅವನ ಮುಂದೆ ತೆಗಿಬೇಡಿ.

ಸರ್ದಾರ್ಜಿ ಪ್ರಕಾರ ಈ ಸಲ ಫೈನಲ್ ಗ್ಯಾರಂಟಿ. ಪ್ಯಾರಿಸ್ ಕ್ವಾರ್ಟರ್ ಫೈನಲ್ಲಲ್ಲಿ ರೋಹಿದಾಸ್‌ಗೆ ರೆಡ್ ಕಾರ್ಡ್ ಆದ್ಮೇಲೆ 40 ನಿಮಿಷ 10 ಜನ ಆಡಿ ಬ್ರಿಟನ್ನನ್ನ ಶೂಟೌಟಲ್ಲಿ 4-2 ಹೊಡೆದವರಿಗೆ ಯಾವ ಭಯ ಅಂತಾರೆ. ನಾನು ಅಷ್ಟು ಧೈರ್ಯ ಮಾಡಲ್ಲ, ಯಾಕಂದ್ರೆ ಆ ದಿನ ಗೋಲಲ್ಲಿ ಶ್ರೀಜೇಶ್ ಇದ್ರು, ಈಗ ಇಲ್ಲ. ಪಾಠಕ್ ಮತ್ತೆ ಸೂರಜ್ ಕರ್ಕೇರ ಇದ್ದಾರೆ (ಕರ್ಕೇರ ಅಂದ ಕೂಡ್ಲೇ ಕರಾವಳಿಯವರೆಲ್ಲ ನಮ್ಮವ ಅಂತ ಎದೆ ಉಬ್ಬಿಸ್ತಾರೆ, ಹುಡ್ಗ ಹುಟ್ಟಿದ್ದು ಮುಂಬೈ). ಇನ್ನೊಂದು, ಪ್ಯಾರಿಸಲ್ಲಿ ನಾವು ಹೊಡೆದ 15 ಗೋಲಲ್ಲಿ 10 ಹರ್ಮನ್‌ಪ್ರೀತ್ ಒಬ್ರದ್ದು, ಪೆನಾಲ್ಟಿ ಕಾರ್ನರ್ ಮತ್ತೆ ಸ್ಟ್ರೋಕ್. ಅವರ ಫ್ಲಿಕ್ಕಿಗೆ ಎದುರಾಳಿ ರಶ್ಶರ್ ಓಡಿ ಬಂದು ಅಡ್ಡ ನಿಂತ ದಿನ ನಮ್ಮ ಕೈಲಿ ಬೇರೆ ಏನಿದೆ? ಕಳೆದ ವರ್ಷ ಜೂನಲ್ಲಿ ಯುರೋಪಿಗೆ ಹೋಗಿ ಪ್ರೊ ಲೀಗಲ್ಲಿ ಸಾಲಾಗಿ 7 ಮ್ಯಾಚ್ ಸೋತದ್ದು ಮರಿಬಾರ್ದು, ಅದೂ ಇದೇ ಆಮ್‌ಸ್ಟೆಲ್‌ವೇನ್ ಆ್ಯಂಟ್‌ವರ್ಪ್ ಕಡೆ. ಏಷ್ಯಾ ಕಪ್ ಫೈನಲ್ಲಲ್ಲಿ ಸುಖ್‌ಜೀತ್, ದಿಲ್‌ಪ್ರೀತ್ ಫೀಲ್ಡ್ ಗೋಲ್ ಹೊಡೆದ ಹಾಗೆ ಅಲ್ಲೂ ಹೊಡೆದ್ರೆ ಸೆಮಿ ತನಕ ಹೋಗ್ಬಹುದು, ಅದ್ರಾಚೆಗೆ ನಾನು ಬೆಟ್ ಕಟ್ಟಲ್ಲ. ಸೋಲ್ ಕಡಿ ಬೆಟ್ಟೂ ಕಟ್ಟಲ್ಲ.

ಸರ್ವಿಸ್ ಬಗ್ಗೆ ಒಂದು ದೂರು ಇದೆ. ಮ್ಯಾಚ್ ನಡೆಯೋವಾಗ ಸಪ್ಲೈಯರ್ ಹುಡುಗರೂ ಟಿವಿ ಕಡೆಗೇ ನೋಡ್ತಿರ್ತಾರೆ, ಕ್ವಾರ್ಟರ್ ಮುಗಿದ್ಮೇಲೇ ಅನ್ನ ಬರೋದು, 15 ನಿಮಿಷದ ಕ್ವಾರ್ಟರ್ ಅಂತ ಹೆಸರಿಗೆ, ರೆಫರಲ್ಲು ಇಂಜುರಿ ಎಲ್ಲ ಸೇರಿದ್ರೆ ಹೊಟ್ಟೆ ಕೂಗ್ತದೆ. ಹಸಿವಿದ್ರೆ ಮ್ಯಾಚಿಗೆ ಮುಂಚೆ ಊಟ ಮಾಡಿ, ಮ್ಯಾಚಲ್ಲಿ ಬರೀ ತಿಸ್ರೆ ಇಟ್ಕೊಳ್ಳಿ. ಕೈ ತೊಳೆಯೋ ಜಾಗ ಇನ್ನೂ ಕ್ಲೀನ್ ಆಗ್ಬೇಕು. ಬಿಲ್ ನ್ಯಾಯವಾಗಿದೆ, ಊಟ ಒಂದಕ್ಕೆ ಇನ್ನೂರರ ಒಳಗೆ. ಹೆಂಗಸರು ಮಕ್ಕಳು ಇದ್ರೆ ಒಳಗಿನ ರೂಮು ಕೊಡ್ತಾರೆ ಆದ್ರೆ ಅಲ್ಲಿಂದ ಟಿವಿ ಕಾಣಲ್ಲ, ನನ್ನ ತಂಗಿ ಅದಕ್ಕೇ ಜಗಳ ಮಾಡಿ ಹೊರಗಿನ ಟೇಬಲ್ಲೇ ಹಿಡಿದ್ಳು, 2021ರ ಟೋಕಿಯೊದಲ್ಲಿ ರಾಣಿ ರಾಂಪಾಲ್ ಟೀಮ್ 4ನೇ ಸ್ಥಾನ ಬಂದದ್ದನ್ನ ಮಾಸ್ತರಿಗೆ ನೆನಪು ಮಾಡಿಕೊಟ್ಳು, ಒಂದು ಸೋಲ್ ಕಡಿಯೂ ಗೆದ್ಳು.

ಆಗಸ್ಟಲ್ಲಿ ಹೋಗೋರಿಗೆ: ನೆದರ್ಲೆಂಡ್ಸ್ ಟೈಮು ನಮಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿಯ ಸಂಜೆ ಮ್ಯಾಚ್ ನಮಗೆ ರಾತ್ರಿ ಹತ್ತು ಹನ್ನೊಂದಾಗ್ತದೆ, ಇಂಡಿಯಾ ಮ್ಯಾಚಿದ್ರೆ ಶಟರ್ ಅರ್ಧ ಎಳೆದು ಟಿವಿ ಇಡ್ತೇನೆ ಆದ್ರೆ ಅಡುಗೆಮನೆ ಹತ್ತಕ್ಕೇ ಬಂದ್ ಅಂತ ಓನರ್ ಹೇಳಿದ್ದಾರೆ. ಅಷ್ಟರಲ್ಲಿ ಟ್ರಾಲರ್‌ಗಳೂ ಹೊರಟಿರ್ತವೆ, ಹೊಸ ಬಂಗಡೆ ಬಂದಿರ್ತದೆ. ಟೇಬಲ್ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಕಾರು ಓಣಿಯೊಳಗೆ ತರ್ಬೇಡಿ, ತಿರುಗಿಸೋಕಾಗಲ್ಲ.