ದುಡ್ಡು ಎಣಿಸುವ ಕೆಲಸಕ್ಕೆ ಸೇರುವ ಮುಂಚೆ ಇದನ್ನೊಮ್ಮೆ ಓದಿ

ಅಂಗಡಿ, ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್‌ಗಳಿಂದ ನಗದು ತಂದು, ಎಣಿಸಿ, ಬ್ಯಾಂಕಿಗೆ ಕಟ್ಟುವ ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ನಡೆದದ್ದು ಇದು. ಊರಿಂದ ಬಂದ ಡಿಗ್ರಿ ಮುಗಿಸಿದ ಹುಡುಗ ಚಿಲ್ಲರೆ ವಿಭಾಗಕ್ಕೆ ಸೇರಿದ. ಚೀಲ ಬಿಚ್ಚಬೇಕು, ಮಷೀನಿಗೆ ಸುರಿಯಬೇಕು, ನೂರು ನೂರರ ಪೊಟ್ಟಣ ಕಟ್ಟಬೇಕು, ಚೀಟಿ ಬರೆದು ಸಹಿ ಹಾಕಬೇಕು, ಅಷ್ಟೇ ಕೆಲಸ. ಕೆಲವೇ ತಿಂಗಳಲ್ಲಿ ಸಂಬಳದ ಕಾಲು ಭಾಗ ಖೋತಾ ಆಯಿತು. ಕೇಳಿದರೆ ಸೂಪರ್‌ವೈಸರ್, "2 ರೂಪಾಯಿ ಪೊಟ್ಟಣದಲ್ಲಿ ಶಾರ್ಟೇಜ್ ಬಂದಿದೆ ಅಂತ ಬ್ಯಾಂಕಿನವರು ಹೇಳಿದಾರೆ. ಸಹಿ ನಿಂದೇ ತಾನೇ?" ಎಂದರು. ಹುಡುಗ ಒಂದು ನಾಣ್ಯವನ್ನೂ ಕದ್ದಿರಲಿಲ್ಲ. ಪೊಟ್ಟಣಗಳಲ್ಲಿ ನೂರಕ್ಕೆ ನೂರು ನಾಣ್ಯ ಇದ್ದವು. ಆದರೂ ದುಡ್ಡು ಕಡಿಮೆ ಇದ್ದದ್ದು ನಿಜ.

ಇದಕ್ಕೆ ಕಾರಣ ನಮ್ಮ ನಾಣ್ಯಗಳ ಅಳತೆಯಲ್ಲಿದೆ. 2011ರಲ್ಲಿ ಹೊಸ ಸರಣಿ ಬಂದಾಗ ನಾಣ್ಯಗಳ ಗಾತ್ರ ಕುಗ್ಗಿಸಿದರು. ಆ ಸರಣಿಯ 2 ರೂಪಾಯಿ 25 ಮಿ.ಮೀ. ಅಗಲ, 4.85 ಗ್ರಾಂ ತೂಕ. ಅದಕ್ಕೂ ಮೊದಲು, 1992ರಿಂದ ಚಲಾವಣೆಗೆ ಬರುತ್ತಿದ್ದ ಉಕ್ಕಿನ 1 ರೂಪಾಯಿಯೂ 25 ಮಿ.ಮೀ., 4.85 ಗ್ರಾಂ. ಲೋಹವೂ ಒಂದೇ. ಹಾಗಾಗಿ ಅಗಲ ನೋಡಿ ಬೇರ್ಪಡಿಸುವ ಮಷೀನು ಎರಡನ್ನೂ ಒಂದೇ ಗೂಡಿಗೆ ಬೀಳಿಸುತ್ತದೆ, ತಕ್ಕಡಿಯೂ ವ್ಯತ್ಯಾಸ ತೋರಿಸುವುದಿಲ್ಲ. 2 ರೂಪಾಯಿ ಎಂದು ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಹಳೆಯ 1 ರೂಪಾಯಿ 7 ಸೇರಿದ್ದರೆ 7 ರೂಪಾಯಿ ಹೋಯಿತು. ದಿನಕ್ಕೆ ಐವತ್ತು ಪೊಟ್ಟಣ ಕಟ್ಟುವವರಿಗೆ ಅದು 350 ರೂಪಾಯಿ. ತಿಂಗಳ ಲೆಕ್ಕ ನೀವೇ ಹಾಕಿ.

ಒಂದು ಮೆಟ್ಟಿಲು ಕೆಳಗೂ ಇದೇ ಕಥೆ. 2011ರ 1 ರೂಪಾಯಿ 22 ಮಿ.ಮೀ., 3.79 ಗ್ರಾಂ. ಹಳೆಯ ಉಕ್ಕಿನ 50 ಪೈಸೆಯೂ ಅಷ್ಟೇ. 50 ಪೈಸೆ ಅಂಗಡಿಯಲ್ಲಿ ಕಾಣುವುದು ಅಪರೂಪವಾದರೂ ಕಾನೂನು ಪ್ರಕಾರ ಇನ್ನೂ ಚಲಾವಣೆಯಲ್ಲಿದೆ, ದೇವಸ್ಥಾನದ ಹುಂಡಿಯಿಂದ ಬಂದ ಚೀಲದಲ್ಲಿ ಸಿಕ್ಕೇ ಸಿಗುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ರದ್ದಾಗಿವೆ, ಲೆಕ್ಕಕ್ಕೆ ಹಿಡಿಯಬೇಡಿ.

2019ರ ಸರಣಿ ಬಂದ ಮೇಲೆ ಗೋಜಲು ಇನ್ನೂ ಹೆಚ್ಚಿತು. ಹೊಸ 2 ರೂಪಾಯಿ 23 ಮಿ.ಮೀ., ಅಂದರೆ ಹಳೆಯ 5 ರೂಪಾಯಿಯ ಅಗಲ. ಹೊಸ 5 ರೂಪಾಯಿ 25 ಮಿ.ಮೀ., ಅಂದರೆ 2011ರ 2 ರೂಪಾಯಿಯ ಅಗಲ. 10 ಮತ್ತು 20 ರೂಪಾಯಿ ಎರಡೂ 27 ಮಿ.ಮೀ. ಇವುಗಳಲ್ಲಿ ತೂಕ, ಬಣ್ಣ ಬೇರೆ ಇರುವುದರಿಂದ ಕಣ್ಣಿಗೆ ಗೊತ್ತಾಗುತ್ತದೆ, 20 ರೂಪಾಯಿಗೆ 12 ಮೂಲೆಗಳೂ ಇವೆ. ಬರೀ ಅಗಲ ಅಳೆಯುವ ಮಷೀನಿಗೆ ಮಾತ್ರ ಗೊತ್ತಾಗುವುದಿಲ್ಲ. ಕೆಲಸಕ್ಕೆ ಸೇರುವ ದಿನವೇ ಕೇಳಿ: ಮಷೀನು ಅಗಲ ಮಾತ್ರ ನೋಡುತ್ತದೋ, ಲೋಹವನ್ನೂ ದಪ್ಪವನ್ನೂ ನೋಡುತ್ತದೋ? ಅಗಲ ಮಾತ್ರ ಎಂದರೆ ಅದು ಎಣಿಸುವ ಮಷೀನು, ವಿಂಗಡಿಸುವ ಮಷೀನಲ್ಲ. ವಿಂಗಡಣೆ ನಿಮ್ಮ ಕೈಯಲ್ಲೇ ಆಗಬೇಕು. ಹಳೆಯ 1 ರೂಪಾಯಿ ಮತ್ತು 2011ರ 2 ರೂಪಾಯಿಯ ಲೋಹವೂ ಒಂದೇ ಆದ್ದರಿಂದ, ಲೋಹ ನೋಡುವ ಮಷೀನಿದ್ದರೂ ಆ ಎರಡನ್ನು ಕೈಯಲ್ಲೇ ಬೇರ್ಪಡಿಸಿ.

ಕೈಯಲ್ಲಿ ವಿಂಗಡಿಸುವುದಕ್ಕೆ ಒಂದು ಬಿಳಿ ತಟ್ಟೆ ಸಾಕು. ಇನ್ನೂರಕ್ಕಿಂತ ಹೆಚ್ಚು ಸುರಿಯಬೇಡಿ, ಒಂದರ ಮೇಲೊಂದು ಕೂರದಂತೆ ಹರಡಿ, ಅಂಕಿಯ ಮುಖ ಮೇಲೆ ಮಾಡಿ. ಆಮೇಲೆ ನೋಡಬೇಕಾದ್ದು ಒಂದೇ ಗುರುತು: ರೂಪಾಯಿ ಚಿಹ್ನೆ. 2011ರ ಸರಣಿಯಿಂದ ಈಚೆಗೆ ಅಂಕಿಯ ಜೊತೆ ₹ ಗುರುತು ಬಂದಿದೆ, ಹಳೆಯ ಉಕ್ಕಿನ 1 ರೂಪಾಯಿಯಲ್ಲಿ ಇಲ್ಲ. ಹಳೆಯದರಲ್ಲಿ ಹೆಚ್ಚಾಗಿ ತೆನೆಗಳ ಚಿತ್ರ ಇರುತ್ತದೆ, ಅಥವಾ ಹೆಬ್ಬೆರಳು ಎತ್ತಿದ ಕೈ. ಚಿಹ್ನೆ ಇಲ್ಲದ್ದನ್ನೆಲ್ಲ ಮೊದಲು ತಟ್ಟೆಯಿಂದ ತೆಗೆದು ಪಕ್ಕಕ್ಕಿಡಿ, ಉಳಿದದ್ದನ್ನು ಮಷೀನಿಗೆ ಹಾಕಿ. ಸ್ಮರಣಾರ್ಥ ನಾಣ್ಯಗಳು, ವಿದೇಶಿ ನಾಣ್ಯಗಳು, ವಾಷರ್‌ಗಳು ಸಹ ಈ ಹಂತದಲ್ಲೇ ಸಿಕ್ಕಿಬೀಳುತ್ತವೆ. 10 ರೂಪಾಯಿಯಲ್ಲಿ ಬೇರೆ ಬೇರೆ ವಿನ್ಯಾಸ ಕಂಡರೆ ಗಾಬರಿ ಬೇಡ. ಹೊರಟ ವಿನ್ಯಾಸಗಳೆಲ್ಲ ಚಲಾವಣೆಗೆ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ತೂಕದಿಂದ ಎಣಿಸಿ ಎನ್ನುವ ಕಡೆ ಇನ್ನೂ ಜಾಗ್ರತೆ ಬೇಕು. ತೂಕದ ಲೆಕ್ಕ ಸರಿಯಾಗಬೇಕಾದರೆ ಪೊಟ್ಟಣದಲ್ಲಿ ಒಂದೇ ಸರಣಿಯ ನಾಣ್ಯ ಇರಬೇಕು. 100 ನಾಣ್ಯಕ್ಕೆ 2011ರ 1 ರೂಪಾಯಿ 379 ಗ್ರಾಂ, 2019ರದ್ದು 309 ಗ್ರಾಂ. 2 ರೂಪಾಯಿ ಮೊದಲಿನದು 485, ಹೊಸದು 407. 5 ರೂಪಾಯಿ ಮೊದಲಿನದು 600, ಹೊಸದು 674. ಇನ್ನೂ ಹಳೆಯ ದಪ್ಪ 5 ರೂಪಾಯಿ ನೂರಕ್ಕೆ 900 ಗ್ರಾಂ ತೂಗುತ್ತದೆ. ಎರಡು ಸರಣಿ ಕಲೆತ ಚೀಲವನ್ನು ಒಂದೇ ಅಂಕಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಯಾರ ಉಪಯೋಗಕ್ಕೂ ಬಾರದು. ಹುಂಡಿಯ ನಾಣ್ಯಕ್ಕೆ ಅರಿಶಿನ, ಕುಂಕುಮ, ಎಣ್ಣೆಯ ಜಿಡ್ಡು ಅಂಟಿ ತೂಕ ಏರುತ್ತದೆ. ಅದೇ ಜಿಡ್ಡು ಎರಡು ನಾಣ್ಯವನ್ನು ಅಂಟಿಸಿ ಮಷೀನಿನ ಲೆಕ್ಕ ತಪ್ಪಿಸುತ್ತದೆ. ಒರೆಸಿ ಒಣಗಿಸದೆ ಹಾಕಬಾರದು. ತಕ್ಕಡಿ 1 ಗ್ರಾಂವರೆಗೆ ತೋರಿಸುವಂಥದ್ದಿರಲಿ, ಖಾಲಿ ಪೊಟ್ಟಣದ ತೂಕ ಕಳೆದಿರಲಿ. ವಿಂಗಡಿಸಿ, ಎಣಿಸಿ, ಕೊನೆಗೆ ತೂಗಿ ತಾಳೆ ನೋಡುವುದು ಸರಿಯಾದ ಕ್ರಮ. ಚೀಟಿಯಲ್ಲಿ ಮುಖಬೆಲೆಯ ಜೊತೆ ಸರಣಿ, ತೂಕ, ತಾರೀಖು, ಪೊಟ್ಟಣದ ನಂಬರ್ ಬರೆಯಿರಿ. ಆ ಹುಡುಗನ ಚೀಟಿಗಳಲ್ಲಿ ಇದ್ದದ್ದು "2 x 100" ಮತ್ತು ಒಂದು ಸಹಿ ಮಾತ್ರ. ವಾದಿಸುವುದಕ್ಕೆ ಅವನ ಕೈಯಲ್ಲಿ ಏನೂ ಇರಲಿಲ್ಲ.

ನೋಟಿನ ವಿಭಾಗದಲ್ಲಿ ತಪ್ಪು ನಡೆಯುವ ಜಾಗ ಬೇರೆ. ಒಂದು ಪ್ಯಾಕೆಟ್‌ಗೆ 100 ನೋಟು, ಹತ್ತು ಪ್ಯಾಕೆಟ್ ಸೇರಿದರೆ ಬಂಡಲ್. ಪ್ಯಾಕೆಟ್ ಬಿಚ್ಚಿದ ತಕ್ಷಣ ಮೇಲಿನ ಪೇಪರ್ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆಯುವುದು ಹೊಸಬರು ಮಾಡುವ ತಪ್ಪು. 99 ನೋಟು ಇದ್ದರೆ ಅದನ್ನು ಕಟ್ಟಿದವರು ಯಾರು ಎಂಬುದಕ್ಕೆ ಆ ಪಟ್ಟಿಯ ಮೇಲಿನ ಸಹಿ, ಸೀಲು, ತಾರೀಖು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ಎಣಿಸಿ ಟ್ಯಾಲಿ ಆಗುವವರೆಗೆ ಪಟ್ಟಿ ನಿಮ್ಮ ಮುಂದೆಯೇ ಇರಲಿ, ಬಿಚ್ಚುವುದು ಕ್ಯಾಮೆರಾಕ್ಕೆ ಕಾಣುವಂತಿರಲಿ. ಮಷೀನಿನಲ್ಲಿ ಒಮ್ಮೆ ಹಾಕಿ, ಕಟ್ಟನ್ನು ಮಗುಚಿ ಇನ್ನೊಮ್ಮೆ ಹಾಕಿ. ಬರೀ ಸಂಖ್ಯೆ ಎಣಿಸುವ ಮಷೀನು ಮುಖಬೆಲೆ ಓದುವುದಿಲ್ಲ. 500ರ ನೋಟು 150 ಮಿ.ಮೀ. ಉದ್ದ, 200ರದ್ದು 146, ಅಗಲ ಎರಡಕ್ಕೂ 66. 500ರ ಕಟ್ಟಿನ ನಡುವೆ ಒಂದು 200 ನುಸುಳಿದರೂ ಪರದೆಯ ಮೇಲೆ 100 ಎಂದೇ ಬರುತ್ತದೆ, ಹೋದದ್ದು 300 ರೂಪಾಯಿ. ಮಷೀನಿಗೆ ಹಾಕುವ ಮೊದಲು ಕಟ್ಟಿನ ಅಂಚು ಬೀಸಿ ಬಣ್ಣ ನೋಡುವ ಅಭ್ಯಾಸ ಇದಕ್ಕೇ. ಸೆನ್ಸರ್ ಮೇಲೆ ನೋಟಿನ ಧೂಳು ಕೂತರೆ ಎಣಿಕೆಯೂ ತಪ್ಪುತ್ತದೆ, ಖೋಟಾನೋಟಿನ ಪರೀಕ್ಷೆಯೂ ತಪ್ಪುತ್ತದೆ. ಪಾಳಿ ಶುರುವಾಗುವ ಮುಂಚೆ ಬ್ರಷ್‌ನಿಂದ ಒರೆಸಿ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಎಂಜಲು ಹಚ್ಚಬೇಡಿ.

ಇನ್ನು ಖೋಟಾನೋಟಿನ ಹೆಸರಿನಲ್ಲಿ ಸಂಬಳ ಮುರಿಯುವ ವಿಚಾರ. ಇದನ್ನು ಎಲ್ಲರೂ ಸರಿಯಾಗಿ ತಿಳಿದಿರಬೇಕು. "ನೀನು ಎಣಿಸಿದ ಕಟ್ಟಿನಲ್ಲಿ ಇದು ಬಂತು, ಬ್ಯಾಂಕ್ ವಾಪಸ್ ಕೊಟ್ಟಿದೆ" ಎಂದು ಒಂದು 500ರ ನೋಟು ಮುಂದಿಟ್ಟರೆ ಒಪ್ಪಿಕೊಳ್ಳಬೇಡಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಖೋಟಾ ಎಂದು ಗುರುತಿಸಿದ ನೋಟನ್ನು ಬ್ಯಾಂಕು ತಂದವರಿಗೆ ವಾಪಸ್ ಕೊಡುವಂತಿಲ್ಲ. ಅದಕ್ಕೆ ಮುದ್ರೆ ಒತ್ತಿ ವಶಕ್ಕೆ ತೆಗೆದುಕೊಂಡು, ನೋಟಿನ ನಂಬರ್ ಇರುವ ಸ್ವೀಕೃತಿ ಪತ್ರ ಕೊಡಬೇಕು. ಒಂದೇ ವ್ಯವಹಾರದಲ್ಲಿ 4ರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಒಟ್ಟಾಗಿ ಪೊಲೀಸರಿಗೆ ವರದಿ ಹೋಗುತ್ತದೆ, 5 ಅಥವಾ ಹೆಚ್ಚು ಸಿಕ್ಕರೆ ಎಫ್‌ಐಆರ್ ಆಗಬೇಕು. ಆದ್ದರಿಂದ ಬ್ಯಾಂಕಿನಿಂದ "ವಾಪಸ್ ಬಂದ ಖೋಟಾನೋಟು" ಎಂಬುದನ್ನು ಯಾರಾದರೂ ತೋರಿಸಿದರೆ ಅಲ್ಲಿ ಏನೋ ಸರಿಯಿಲ್ಲ. ಸ್ವೀಕೃತಿ ಪತ್ರ ತೋರಿಸಿ ಎಂದು ಕೇಳಿ. ಅದು ಇಲ್ಲದೆ ಒಂದು ಪೈಸೆಯನ್ನೂ ಒಪ್ಪಬೇಡಿ, ಆ ನೋಟನ್ನು ತೆಗೆದುಕೊಂಡು ಜೇಬಿಗೆ ಹಾಕಿಕೊಳ್ಳಲೂ ಬೇಡಿ. ಗೊತ್ತಿದ್ದೂ ಚಲಾಯಿಸಲು ಹೋದರೆ ಜೈಲಿನ ದಾರಿ ಅದು. ನೋಟು ಪರೀಕ್ಷಿಸುವ ಯುವಿ ದೀಪದ ನೀಲಿ ಬೆಳಕಿನಲ್ಲಿ ಹೊಳೆದ ನೋಟೆಲ್ಲ ಖೋಟಾ ಅಲ್ಲ ಎಂಬುದೂ ಗೊತ್ತಿರಲಿ. ಬಟ್ಟೆಯ ಜೊತೆ ಒಗೆದುಹೋದ ಅಸಲಿ ನೋಟು ಸೋಪಿನ ಪುಡಿಯ ದೆಸೆಯಿಂದ ಹೊಳೆಯುತ್ತದೆ. ಓರೆ ಮಾಡಿದಾಗ ನೋಟಿನೊಳಗಿನ ಭದ್ರತಾ ಎಳೆಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗುತ್ತದೆಯೇ, 500ರಲ್ಲಿ ಎರಡೂ ಅಂಚಿನಲ್ಲಿ ಉಬ್ಬಿದ 5 ಗೆರೆ ಕೈಗೆ ಸಿಗುತ್ತವೆಯೇ ಎಂದು ನೋಡಿ ತೀರ್ಮಾನಿಸಿ. ನಂಬರಿನ ನಡುವೆ ನಕ್ಷತ್ರ ಇದೆ ಎಂದ ಮಾತ್ರಕ್ಕೆ ನೋಟು ಖೋಟಾ ಅಲ್ಲ.

ಶಾರ್ಟೇಜ್ ಹಿಡಿಯಲು ಮಾಲೀಕರಿಗೆ ಹಕ್ಕೇ ಇಲ್ಲವೆಂದಲ್ಲ. ನೌಕರ ಲೆಕ್ಕ ಕೊಡಬೇಕಾದ ಹಣ ಅವನ ನಿರ್ಲಕ್ಷ್ಯದಿಂದಲೇ ಹೋಗಿದ್ದರೆ ಮುರಿಯಬಹುದು ಎಂದು ವೇತನ ಕಾನೂನು ಹೇಳುತ್ತದೆ. ಆದರೆ ಮೊದಲು ನೌಕರನಿಗೆ ಕಾರಣ ಹೇಳಲು ಅವಕಾಶ ಕೊಡಬೇಕು, ನಷ್ಟಕ್ಕಿಂತ ಹೆಚ್ಚು ಮುರಿಯುವಂತಿಲ್ಲ, ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟುವಂತಿಲ್ಲ. 1936ರ ಕಾಯ್ದೆಯಲ್ಲಿದ್ದ ಈ ತತ್ವ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಲ್ಲೂ ಇದೆ. "ಇಡೀ ಟೇಬಲ್‌ನವರು ಹಂಚಿಕೊಳ್ಳಿ" ಎಂದು ಎಲ್ಲರ ಸಂಬಳದಲ್ಲೂ ಸಮನಾಗಿ ಮುರಿಯುವ ಪದ್ಧತಿಗೆ ಇದರಲ್ಲಿ ಜಾಗವಿಲ್ಲ, ಯಾರ ನಿರ್ಲಕ್ಷ್ಯ ಎಂದು ತೋರಿಸಬೇಕು. ಹೆಚ್ಚು ಬಂದದ್ದರ ಲೆಕ್ಕವನ್ನೂ ಕೇಳಿ. ಶಾರ್ಟೇಜ್ ಬಂದರೆ ನೌಕರನದ್ದು, ಎಕ್ಸೆಸ್ ಬಂದರೆ ಕಂಪನಿಯದ್ದು ಎನ್ನುವ ಕಡೆ ಲೆಕ್ಕ ಎಂದೂ ನೇರವಾಗಿರುವುದಿಲ್ಲ. ನೀವೂ ಅಷ್ಟೇ, ಇವತ್ತಿನ ಎಕ್ಸೆಸ್ ಅನ್ನು ನಾಳೆಯ ಶಾರ್ಟೇಜ್‌ಗೆಂದು ಡ್ರಾಯರಿನಲ್ಲಿ ಎತ್ತಿಡಬೇಡಿ. ತಪಾಸಣೆಗೆ ಬಂದವರ ಕಣ್ಣಿಗೆ ಅದು ಕಳ್ಳತನವೇ.

ಸೇರುವಾಗ ಖಾಲಿ ಚೆಕ್ಕಿಗೆ ಸಹಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಪೊಲೀಸ್ ವೆರಿಫಿಕೇಷನ್, ಪರಿಚಯಸ್ಥರ ಜಾಮೀನು ಕೇಳುವುದು ಈ ಕೆಲಸದಲ್ಲಿ ಸಹಜ. ಖಾಲಿ ಚೆಕ್ ಕೇಳುವುದು ಸಹಜವಲ್ಲ. ಈಗಾಗಲೇ ಕೊಟ್ಟಿದ್ದರೆ ಚೆಕ್ ನಂಬರ್ ನಮೂದಿಸಿ, ಇದು ಭದ್ರತೆಗೆ ಕೊಟ್ಟದ್ದು, ನನ್ನ ಯಾವ ಬಾಕಿಯೂ ಇಲ್ಲ ಎಂದು ಇಮೇಲ್‌ನಲ್ಲೋ ಸ್ಪೀಡ್ ಪೋಸ್ಟಿನಲ್ಲೋ ಬರೆದು ವಾಪಸ್ ಕೇಳಿ. ಕೆಲಸ ಬಿಟ್ಟ ಮೇಲೆ ಚೆಕ್ ಬೌನ್ಸ್ ನೋಟಿಸ್ ಬಂದರೆ 15 ದಿನದೊಳಗೆ ವಕೀಲರ ಮೂಲಕ ಉತ್ತರ ಕೊಡಿ, ಸುಮ್ಮನಿರಬೇಡಿ.

ಶಾರ್ಟೇಜ್ ಇದೆ ಎಂದು ಹೇಳಿದ ದಿನವೇ ಲಿಖಿತವಾಗಿ ಇಷ್ಟು ಕೇಳಿ: ಯಾವ ತಾರೀಖಿನ ಯಾವ ಪೊಟ್ಟಣ, ಅದರ ಚೀಟಿಯ ಫೋಟೊ, ಬಿಚ್ಚಿದವರು ಯಾರು, ಬಿಚ್ಚುವಾಗ ಸೀಲು ಸರಿಯಿತ್ತೇ, ಬಿಚ್ಚಿದ ದೃಶ್ಯ ಕ್ಯಾಮೆರಾದಲ್ಲಿ ಇದೆಯೇ. ತಡಮಾಡಿದರೆ ಹಳೆಯ ದೃಶ್ಯ ಅಳಿಸಿಹೋಗುತ್ತದೆ. ಉತ್ತರ ಕೊಡದೆ ಸಂಬಳ ಮುರಿದರೆ ಆ ಪತ್ರದ ಪ್ರತಿ, ಸಂಬಳದ ಚೀಟಿ, ನೇಮಕಾತಿ ಪತ್ರ ಹಿಡಿದು ನಿಮ್ಮ ಪ್ರದೇಶದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ದೂರು ಕೊಡಿ. ಆ ಏಜೆನ್ಸಿಯಲ್ಲಿ ಇದೇ ರೀತಿ ಕಳೆದುಕೊಂಡವರು ಇನ್ನೂ ಇದ್ದರೆ ಒಟ್ಟಿಗೇ ಹೋಗಿ.